ಸೊನ್ನೆ ನಿಮಿಷದ ಹುಡುಗಿ

"ಇವತ್ತೂ ಕೊನೆಯವಳಾಗಿ ಒಬ್ಬಳೇ ಬಂದ್ರೆ ಮುಗೀತಮ್ಮ. ಓಟದ ಬೂಟು ತಮ್ಮಂಗೆ ಕೊಟ್ಬಿಡ್ತೀನಿ," ಎಂದಳು ರೋವೆನಾ, ಕಾರಿನ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ.

ಸ್ಟೀರಿಂಗ್ ಹಿಡಿದಿದ್ದ ಐಲ್ಸಾ ಗೇರು ಬದಲಿಸಿದಳು. ಮಗಳು ಕೂಗಾಡಿದ್ದರೆ ಸಮಾಧಾನ ಮಾಡಬಹುದಿತ್ತು. ಹದಿಮೂರು ವರ್ಷದ ಈ ಹುಡುಗಿ ಮೆಲ್ಲಗೆ ಮಾತಾಡಿದಳೆಂದರೆ ತೀರ್ಮಾನ ಆಗಿಹೋಗಿದೆ ಎಂದೇ ಲೆಕ್ಕ. ರಸ್ತೆಯ ಎರಡೂ ಕಡೆ ಉತ್ತ ಆಲೂಗಡ್ಡೆ ಹೊಲಗಳು, ಕೆಂಪು ಮಣ್ಣಿನ ಸಾಲುಗಳ ಮೇಲೆ ಹೆಪ್ಪುಗಟ್ಟಿ ಇನ್ನೂ ಕರಗದ ಇಬ್ಬನಿ. ಸೆಪ್ಟೆಂಬರ್ ಬಂದು ವಸಂತ ಶುರುವಾದರೂ ಟ್ಯಾಸ್ಮೇನಿಯಾದ ಚಳಿ ಹೊರಡುವ ಮನಸ್ಸು ಮಾಡಿರಲಿಲ್ಲ.

ಊರಿನ ಓಟದ ಕ್ಲಬ್ಬಿನಲ್ಲಿ, ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೆ ಗುರಿ ಮುಟ್ಟಲೆಂದು, ನಿಧಾನದವರು ಮೊದಲು ಹೊರಡುತ್ತಾರೆ, ವೇಗದವರು ಕೊನೆಗೆ. ಯಾರು ಎಷ್ಟನೆಯ ನಿಮಿಷಕ್ಕೆ ಹೊರಡಬೇಕು ಎಂದು ಗೊತ್ತುಮಾಡುವವನು ನಿವೃತ್ತ ಅಂಚೆಯಣ್ಣ ಕ್ಲೆಮ್. ಅವನ ನೋಟ್‌ಬುಕ್ಕಿನಲ್ಲಿ ಎರಡು ಚಳಿಗಾಲದಿಂದಲೂ ರೋವೆನಾಳ ಹೆಸರಿನ ಮುಂದೆ ಒಂದೇ ಅಂಕಿ: ಸೊನ್ನೆ. ಎಲ್ಲರಿಗಿಂತ ಮೊದಲು, ಒಬ್ಬಳೇ, ಗಡಿಯಾರ ಶುರುವಾಗುತ್ತಿದ್ದಂತೆಯೇ ಅವಳು ಹೊರಡಬೇಕು. ಆಮೇಲೆ ಒಬ್ಬೊಬ್ಬರೂ ಹಿಂದಿನಿಂದ ಬಂದು ದಾಟಿಕೊಂಡು ಹೋಗುತ್ತಾರೆ. ಮೊದಲ ವರ್ಷ ಆರು ಕಿಲೋಮೀಟರಿಗೆ ನಲವತ್ತೊಂದು ನಿಮಿಷ ತೆಗೆದುಕೊಂಡಿದ್ದಳು. ಅವಳು ಬಂದು ಮುಟ್ಟುವಾಗ ಓಟ ಮುಗಿಸಿದವರಿಗೆಂದು ಮಾಡಿದ ಕುಂಬಳಕಾಯಿ ಸೂಪಿನ ಪಾತ್ರೆ ತಳ ಕಂಡಿತ್ತು. ಈ ವರ್ಷ ಮೂವತ್ತಾರು, ಮೂವತ್ತೈದು. ಹಿಂದಿನ ಎರಡು ಓಟಗಳಿಗೆ ಬಂದೇ ಇರಲಿಲ್ಲ. ಊರಾಚೆಯ ಡೈರಿ ಫಾರ್ಮಿನಲ್ಲಿ ಹಸುಗಳು ಕರು ಹಾಕುವ ಕಾಲ. ದಿನಾ ಬೆಳಿಗ್ಗೆ ಕರುಗಳಿಗೆ ಹಾಲು ಕುಡಿಸಲು ಮೂರು ಕಿಲೋಮೀಟರ್ ಓಡಿಕೊಂಡು ಹೋಗಿ, ಶಾಲೆಯ ಬಸ್ಸು ತಪ್ಪಬಾರದೆಂದು ಓಡಿಕೊಂಡೇ ಬರುತ್ತಿದ್ದಳು.

ಇಂದು ಕೊನೆಯ ಓಟ. ಮೊದಲು ಗೆರೆ ದಾಟಿದವರಿಗೆ ಕಪ್.

ಗಡಿಯಾರ ಹಿಡಿಯುವ ಕೆಲಸ ಐಲ್ಸಾಳದು. ಒಮ್ಮೆ ಒತ್ತಿದರೆ ಕೊನೆಯವರು ಬರುವ ತನಕ ನಿಲ್ಲಿಸುವಂತಿಲ್ಲ. ಹಿಟ್ಟಿನಲ್ಲಿ ಎಳೆದ ಗೆರೆಯ ಹತ್ತಿರ ನಿಂತು ಅವಳು ಕೂಗಿದಳು, "ಸೊನ್ನೆ! ರೋವೆನಾ, ಹೊರಡು!"

ರೋವೆನಾ ಅಲುಗಲಿಲ್ಲ.

ಕೈಗಳನ್ನು ಪಕ್ಕಕ್ಕೆ ಬಿಟ್ಟು, ರಸ್ತೆಯನ್ನು ನೋಡುತ್ತ ನಿಂತಿದ್ದಳು. ಗಡಿಯಾರದ ಮುಳ್ಳು ಐದು ಸೆಕೆಂಡು ದಾಟಿತು, ಹತ್ತು ದಾಟಿತು.

"ಏ ರೋ, ಹೋಗೇ! ಟೈಮ್ ಓಡ್ತಿದೆ!" ಹಿಂದಿನಿಂದ ಯಾರೋ ಕಿರುಚಿದರು.

"ನಿಂಗೆ ಬೇಡ ಅಂದ್ರೆ ಆ ನಿಮಿಷ ನಂಗೆ ಕೊಡೇ ತಾಯಿ!" ಎಂದ ಕಟುಕರ ಅಂಗಡಿಯ ಮರ್ವ್, ಹೊಟ್ಟೆಯ ಮೇಲೆ ಬನಿಯನ್ ಎಳೆದುಕೊಳ್ಳುತ್ತ. ಜನ ನಕ್ಕರು. ಐಲ್ಸಾಗೆ ನಗು ಬರಲಿಲ್ಲ. ಹೊಟ್ಟೆನೋವೇ? ಹೆದರಿಕೆಯೇ? ಎರಡು ಹೆಜ್ಜೆ ಹೋಗಿ ಹೆಗಲು ಮುಟ್ಟಬೇಕೆನ್ನಿಸಿತು. ಆದರೆ ಕೈಯಲ್ಲಿ ಎಲ್ಲರ ಸಮಯವಿತ್ತು.

"ಕ್ಲೆಮ್, ಏನು ಮಾಡ್ಲಿ?" ಪಿಸುಗುಟ್ಟಿದಳು.

"ಬೇಗ ಹೊರಟ್ರೆ ತಪ್ಪು ಐಲ್ಸಾ. ತಡವಾಗಿ ಹೊರಟ್ರೆ ಅವಳಿಗೇ ನಷ್ಟ. ನೀನು ನಿನ್ನ ಕೆಲಸ ನೋಡು."

"ಎರಡು ನಿಮಿಷ! ಮರ್ವ್!"

ಮರ್ವ್ ಕುಲುಕುತ್ತ ಹೋದ. ರೋವೆನಾ ನಿಂತೇ ಇದ್ದಳು. ಕಿವಿಗಳು ಕೆಂಪಾಗಿದ್ದವು. ಈಗ ಯಾರೂ ನಗುತ್ತಿರಲಿಲ್ಲ. ಮೂರು ನಿಮಿಷವಾಯಿತು. ನಾಲ್ಕು ನಿಮಿಷದವರು ಗೆರೆಗೆ ಬಂದರು: ಹದಿನೈದು ವರ್ಷದ ಗ್ಲೆನಿಸ್, ಅವಳ ಹಿಂದೆ ಅವಳಿ ಅಕ್ಕತಂಗಿಯರು. ಆಗ ರೋವೆನಾ ಪಕ್ಕಕ್ಕೆ ಸರಿದು ಗ್ಲೆನಿಸ್‌ಗೆ ಜಾಗ ಮಾಡಿಕೊಟ್ಟಳು.

"ಇಲ್ಲೇನೇ ಮಾಡ್ತಿದೀಯ?" ಎಂದಳು ಗ್ಲೆನಿಸ್.

"ನಿಮ್ ಜೊತೆ ಬರ್ತೀನಿ."

"ಸತ್ತೋಗ್ತೀಯ."

"ಹೋಗ್ಲಿ ಬಿಡು."

"ನಾಲ್ಕು!" ಐಲ್ಸಾ ಕೂಗಿದಳು. ನಾಲ್ವರೂ ಒಟ್ಟಿಗೆ ಹೊರಟರು. ಮಗಳು ನಾಲ್ಕನೆಯವಳು.

ಆಮೇಲಿನದು ಬರೀ ಕಾಯುವುದು. ಆರು, ಎಂಟು, ಹನ್ನೊಂದು ಎಂದು ಕೂಗಿ ಕೂಗಿ ಎಲ್ಲರನ್ನೂ ಕಳಿಸಿದಳು. ಗೆರೆಯ ಹತ್ತಿರದಿಂದ ದಾರಿ ಕಾಣುವುದು ಒಂದೇ ಕಡೆ, ಡೈರಿಯ ಹತ್ತಿರದ ಏರುದಾರಿಯಲ್ಲಿ. ಹದಿನೆಂಟನೆಯ ನಿಮಿಷಕ್ಕೆ ಅಲ್ಲಿ ಮೂರು ತಲೆಗಳು ಕಂಡವು. ಮೂರೇ. ಗ್ಲೆನಿಸಳ ಕೆಂಪು ಪಟ್ಟಿ, ಅವಳಿಗಳು. ಇಪ್ಪತ್ತು ಹೆಜ್ಜೆ ಹಿಂದೆ ನಾಲ್ಕನೆಯ ತಲೆ ಮೇಲೆದ್ದಿತು. ತಲೆ ಒಂದು ಕಡೆ ವಾಲಿತ್ತು. ಸುಸ್ತಾದಾಗ ರೋವೆನಾ ಚಿಕ್ಕಂದಿನಿಂದಲೂ ಹಾಗೇ.

"ಹಿಂದೆ ಬೀಳ್ತಿದಾಳೆ," ಎಂದಳು ಸೂಪಿನ ಹತ್ತಿರ ನಿಂತವಳೊಬ್ಬಳು, ಪಾಪ ಎನ್ನುವ ದನಿಯಲ್ಲಿ.

ಎಲ್ಲರೂ ನೀಲಗಿರಿ ಮರಗಳ ಹಿಂದೆ ಮರೆಯಾದರು. ಗಡಿಯಾರ ಹಿಡಿದ ಬೆರಳು ಮರಗಟ್ಟಿತ್ತು. ಸೂಪು ಕೊಟ್ಟರೂ ಬೇಡವೆಂದಳು. ಮಗಳು ಕಾರಿನಲ್ಲಿ ಬೂಟು ಕಳಚುವುದು, ತಾನು ಏನೂ ಹೇಳಲಾರದೆ ಗೇರು ಬದಲಿಸುವುದು, ಎಲ್ಲ ಆಗಲೇ ಕಣ್ಣಿಗೆ ಕಟ್ಟುತ್ತಿತ್ತು.

ಮೂವತ್ತಮೂರೂವರೆ ನಿಮಿಷಕ್ಕೆ ತಿರುವಿನಲ್ಲಿ ಕಾಣಿಸಿಕೊಂಡವನು ಮರ್ವ್! ತಾನೇ ನಂಬದವನಂತೆ ಹಿಂದೆ ತಿರುಗಿ ತಿರುಗಿ ನೋಡುತ್ತ, ಬಿಸಿಲಿಗೆ ಬಿಟ್ಟ ಹಂದಿಯ ಹಾಗೆ ಏದುಸಿರು ಬಿಡುತ್ತ ಬಂದು ಕಪ್ ಗೆದ್ದ. ಅವನ ಬೆನ್ನಿಗೇ ವೇಗದ ಗಂಡಸರು ನಾಲ್ಕೈದು ಮಂದಿ. ಆಮೇಲೆ ಕೆಂಪು ಪಟ್ಟಿ.

ಅದರ ಪಕ್ಕದಲ್ಲಿ ವಾಲಿದ ತಲೆ.

ಅವಳಿಗಳು ಎಲ್ಲೋ ಹಿಂದೆ. ಗ್ಲೆನಿಸ್ ಮೊಣಕೈ ಆಡಿಸುತ್ತಿದ್ದಳು, ರೋವೆನಾ ಬಾಯಿ ತೆರೆದು ಉಸಿರೆಳೆಯುತ್ತಿದ್ದಳು, ಇಬ್ಬರೂ ಬಿಟ್ಟುಕೊಡಲಿಲ್ಲ. ಅರ್ಧ ಹೆಜ್ಜೆಯಲ್ಲಿ ಗ್ಲೆನಿಸ್ ಮುಂದೆ. ರೋವೆನಾ ಹುಲ್ಲಿನ ಮೇಲೆ ಅಂಗಾತ ಬಿದ್ದಳು. ಐಲ್ಸಾ ಓಡಿಹೋಗಲಾರದೆ, ನಿಂತಲ್ಲಿಂದಲೇ ಗಡಿಯಾರ ಓದಿದಳು, "ಮೂವತ್ತನಾಲ್ಕು, ಹತ್ತು."

ಕ್ಲೆಮ್ ಪೆನ್ಸಿಲ್ ನೆಕ್ಕಿ ಬರೆದುಕೊಂಡ. ನಾಲ್ಕು ಕಳೆದ. ಕಳೆದದ್ದನ್ನು ಇನ್ನೊಮ್ಮೆ ನೋಡಿದ. ಐಲ್ಸಾಳೂ ಮನಸ್ಸಿನಲ್ಲೇ ಕಳೆದಿದ್ದಳು: ಮೂವತ್ತು, ಹತ್ತು.

"ಕ್ಲೆಮ್ ತಾತ," ಹುಲ್ಲಿನ ಮೇಲಿಂದಲೇ ಕೇಳಿದಳು ರೋವೆನಾ, "ಮುಂದಿನ ವರ್ಷ ನಂಗೆಷ್ಟು?"

"ಹೀಗೆ ಕಣ್ತಪ್ಪಿಸಿ ಬೆಳೆಯೋಳಿಗೆ ಐದು ನಿಮಿಷ."

"ಐದಾ?" ಗ್ಲೆನಿಸ್ ಎದ್ದು ಕೂತಳು. "ಅಂದ್ರೆ ಇವಳು ನನ್ನ ಹಿಂದೆ ಹೊರಟು ನನ್ನ ಅಟ್ಟಿಸ್ಕೊಂಡು ಬರೋದಾ? ಅನ್ಯಾಯ!"

ಮನೆಯ ದಾರಿಯಲ್ಲಿ ಅರ್ಧ ದೂರ ಬಂದಾಗ ರೋವೆನಾ ಕೇಳಿದಳು.

"ಅಮ್ಮ, ಸೊನ್ನೆಗೇ ಹೊರಟಿದ್ರೆ ಕಪ್ ನಂದೇ ಅಲ್ವಾ?"

ಸುಳ್ಳು ಹೇಳಲು ಐಲ್ಸಾಗೆ ಬಾಯಿ ಬರಲಿಲ್ಲ. "ಹೌದು ಪುಟ್ಟಿ. ಮೂರು ನಿಮಿಷ ಮುಂಚೆ."

"ಗೊತ್ತಿತ್ತು, ಅಷ್ಟಿಷ್ಟು." ರೋವೆನಾ ಮೊಣಕಾಲಿನ ಕೆಸರನ್ನು ಉಗುರಿನಿಂದ ಕೆರೆದಳು. "ಎರಡು ವರ್ಷ ಬರೀ ಎಲ್ಲರ ಬೆನ್ನು ನೋಡಿದೀನಿ ಅಮ್ಮ. ಅದೂ ದಾಟಿ ಹೋಗೋವಾಗ. ಗ್ಲೆನಿಸ್ ಏರು ಪೂರ್ತಿ ಬೈಕೊಂಡೇ ಹತ್ತುತಾಳೆ, ಗೊತ್ತಾ? ಅದನ್ನ ಕೇಳೋಕೇ ಮತ್ತೆ ಹತ್ತಿರ ಹೋದೆ."

"ಏನಂತ ಬೈತಾಳೆ?"

"ನಿನ್ ಮುಂದೆ ಹೇಳೋಕಾಗಲ್ಲ."

ಐಲ್ಸಾ ನಕ್ಕಳು. ಕಣ್ಣು ಒರೆಸಿಕೊಳ್ಳಲು ಕೈ ಸ್ಟೀರಿಂಗ್ ಬಿಡುವಂತಿರಲಿಲ್ಲ.

"ಬುಧವಾರದೊಳಗೆ ಓಟದ ಬನಿಯನ್ ಒಣಗತ್ತಾ?" ಎಂದಳು ಮಗಳು.

"ಓಟ ಎಲ್ಲ ಮುಗೀತಲ್ಲೇ?"

"ಗ್ಲೆನಿಸ್ ಬಾ ಅಂದಿದಾಳೆ. ಏರು ಹತ್ತೋಕೆ."