ನಾಲ್ಕನೇ ಭಾಗದ ಕೆರೆ

"ನಂಗೆ ನಾಲ್ಕನೇದೇ ಇಷ್ಟ ಡಾಕ್ಟ್ರೇ. ಕೆರೆ ಮಧ್ಯ ದೋಣಿ ನಿಲ್ಸಿ ಕೂತ್ರೆ ಸಾಕು, ಹುಟ್ಟಿದ್ದೇ ಮರ್ತೋಗುತ್ತೆ" ಅಂದ ಬಡಗಿ.

ಹಲ್ಲಿನ ಡಾಕ್ಟ್ರ ಕೈಲಿದ್ದ ಸೂಜಿ ಅವನ ತುಟಿವರೆಗೂ ಬಂದು ಅಲ್ಲೇ ನಿಂತ್ಬಿಡ್ತು.

ಇದೇ ಮಾತು. ಕೆರೆ, ದೋಣಿ, ಹುಟ್ಟಿದ್ದೇ ಮರೆಯೋದು. ಬೆಳಿಗ್ಗೆ ಕಾಫಿ ಕುಡೀವಾಗ ಹೆಂಡ್ತಿ ಬಾಯಿಂದ ಬಂದಿತ್ತು, ಒಂದಕ್ಷರ ಆಚೀಚೆ ಇಲ್ದೆ.

ಬಡಗಿ ಹೇಳ್ತಿದ್ದ ವಿಡಿಯೋ ಗೇಮು ಏಳು ಭಾಗ ಬಂದಿದೆ. ಗುಡ್ಡ, ಕಾಡು, ಕೋಟೆ, ಎಲ್ಲಿಗೆ ಬೇಕಾದ್ರೂ ಕುದುರೆ ಹತ್ತಿ ಹೋಗಬಹುದು, ಕೇಳೋರಿಲ್ಲ. ಡಾಕ್ಟ್ರಿಗೆ ಮೂರನೇ ಭಾಗ ಅಂದ್ರೆ ಪ್ರಾಣ. ಅದ್ರಲ್ಲಿ ಅವ್ರು ಕೊಂದ ರಾಕ್ಷಸರನ್ನ ಸಾಲಾಗಿ ಮಲಗಿಸಿದ್ರೆ ಕ್ಲಿನಿಕ್ಕಿಂದ ಮನೆವರೆಗೂ ಕಾಲು ನೆಲಕ್ಕೆ ತಾಗದಂಗೆ ನಡ್ಕೊಂಡು ಹೋಗಬಹುದಿತ್ತು.

ಯಾವ ಭಾಗ ಮೇಲು ಅನ್ನೋ ವಾದದಲ್ಲಿ ಡಾಕ್ಟ್ರು ಇಲ್ಲೀವರೆಗೆ ಸೋತಿಲ್ಲ. ಸೋಲೋದಾದ್ರೂ ಹೇಗೆ. ವಾದ ನಡೆಯೋದು ಈ ಕುರ್ಚಿ ಪಕ್ಕದಲ್ಲಿ, ಎದುರಾಳಿ ಬಾಯಿ ತುಂಬ ಹತ್ತಿ. "ಮೂರನೇದ್ರ ಮುಂದೆ ಇನ್ಯಾವ್ದಾದ್ರೂ ನಿಲ್ಲುತ್ತೇನ್ರಿ" ಅಂತ ಕೇಳ್ತಾರೆ. ರೋಗಿ "ಆಂ" ಅಂತಾನೆ. ಒಪ್ಪಿದ ಅಂತ ಲೆಕ್ಕ.

ನಾಲ್ಕನೇದನ್ನ ಅವ್ರು ಒಂಚೂರು ಆಡಿ, ಸೋಮಾರಿಗಳ ಆಟ ಅಂತ ಮೂಲೆಗೆ ಎಸೆದಿದ್ರು. ಹೆಂಡ್ತಿಗೋ ಈ ಆಟದ ಗಂಧ ಗಾಳಿ ಇಲ್ಲ ಅಂತ್ಲೇ ನಂಬಿದ್ರು. ಇವತ್ತು ಬೆಳಿಗ್ಗೆವರೆಗೆ.

ಹೋದ ತಿಂಗಳು ಇದೇ ಬಡಗಿ ಅವ್ರ ಮನೇಲಿ ಕಪಾಟು ಮಾಡಿದ್ದ. ಎರಡು ದಿನದ ಕೆಲಸ ವಾರ ಹಿಡೀತು. "ಮರ ಹಸಿ ಇದೆ ಡಾಕ್ಟ್ರೇ, ಒಣಗ್ಬೇಕು" ಅಂದಿದ್ದ. ಡಾಕ್ಟ್ರು ಆಗ ಮರದ ಬಗ್ಗೆ ಯೋಚನೆ ಮಾಡಿರಲಿಲ್ಲ. ಈಗ ಮಾಡಿದ್ರು. ತಲೇಲಿ ಇರುವೆ ಬಿಟ್ಟಂಗಾಯ್ತು.

"ಎಲ್ಲಿ ಆಡ್ತೀರಿ ಅದನ್ನ?"

"ಬಾಮೈದನ ಮನೇಲಿ. ಅಲ್ಲಿ ಇಲ್ಲಿ."

"ಅಲ್ಲಿ ಇಲ್ಲಿ ಅಂದ್ರೆ?"

"ಸೂಜಿ ನೋಯುತ್ತಾ ಡಾಕ್ಟ್ರೇ?"

"ಇರುವೆ ಕಚ್ಚಿದಂಗೆ."

"ನಮ್ ಕಡೆ ಇರುವೆ ಜೋರಾಗೇ ಕಚ್ಚುತ್ತೆ."

ಸೂಜಿ ಇಳೀತು. ದವಡೆಗೆ ಜೋಮು ಹತ್ತೋವರೆಗೂ ಇಬ್ರೂ ಛಾವಣಿ ನೋಡಿದ್ರು.

"ಕಪಾಟು ಮಾಡ್ವಾಗ ನಮ್ಮನೆ ಟಿವಿ ಏನಾದ್ರೂ ಹಾಕಿದ್ರಾ?"

ಬಡಗಿ ಕಣ್ಣು ಅಗಲವಾಯ್ತು. ಏನೋ ಹೇಳೋಕೆ ನಾಲಿಗೆ ಎತ್ತಿದ. ಡಾಕ್ಟ್ರು ಒಂದು ಉಂಡೆ ಹತ್ತಿ ತುರುಕಿದ್ರು. ಒಂದು ಸಾಕಿತ್ತು. ಇನ್ನೊಂದು ತುರುಕಿದ್ರು. ಆಮೇಲೆ ಮತ್ತೊಂದು.

"ಆಂ" ಅಂದ ಬಡಗಿ.

ಹೌದು ಅಂದ್ನೋ, ಇಲ್ಲ ಅಂದ್ನೋ. ಇಷ್ಟು ವರ್ಷ ಆ ಸದ್ದನ್ನ ಹೌದು ಅಂತ ತಗೊಂಡಿದ್ದು ಅವ್ರೇ ತಾನೇ.

ಹಲ್ಲು ಬೇರು ಸಮೇತ ಬಂತು. ಇಕ್ಕಳದಲ್ಲಿ ಹಿಡ್ಕೊಂಡು ಬೆಳಕಿಗೆ ತಿರುಗಿಸಿದ್ರು. ಹುಳುಕು ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಟ್ಟಿದೆ ಅಂತ ಅವ್ರು ಒಂದೇ ನೋಟಕ್ಕೆ ಹೇಳಬಲ್ಲರು. ಅದಕ್ಕೇ ಅಷ್ಟು ಓದಿದ್ದು.

"ಇವತ್ತು ಪೂರ್ತಿ ಮಾತಾಡ್ಬೇಡಿ" ಅಂದ್ರು. ಅಷ್ಟು ಹೊತ್ತು ಬಾಯಿ ಮುಚ್ಚಿ ಅಂತ ಯಾವ ಪುಸ್ತಕದಲ್ಲೂ ಇಲ್ಲ.

ಸಂಜೆ ಮನೇಲಿ ಹೆಂಡ್ತಿ ಬಟ್ಟೆ ಮಡಿಸ್ತಾ ಇದ್ಲು.

"ನಾಲ್ಕನೇದು ಯಾವಾಗ ಆಡಿದ್ದು ನೀನು?"

"ನೀವು ಕ್ಲಿನಿಕ್ಕಿಗೆ ಹೋದ್ಮೇಲೆ."

"ಒಬ್ಳೇನಾ?"

"ಆ ದೋಣೀಲಿ ಒಬ್ರಿಗೇ ಜಾಗ ಇರೋದು."

"ಬೆಳಿಗ್ಗೆ ನೀನಂದ ಮಾತನ್ನೇ ಬಡಗೀನೂ ಅಂದ."

"ಯಾವ ಬಡಗಿ?"

"ಕಪಾಟಿನೋನು."

"ಓ. ಬಾಗಿಲು ಇನ್ನೂ ಸರಿಯಾಗಿ ಕೂತಿಲ್ಲ. ಹೇಳಿದ್ರಾ ಅವನಿಗೆ?" ಅವಳು ಅವ್ರ ಅಂಗಿ ತೋಳು ಎಳೆದು ಮಡಿಸಿದ್ಲು.

"ಇಬ್ರ ಬಾಯಲ್ಲೂ ಒಂದೇ ಮಾತು ಹೇಗೆ ಬರುತ್ತೆ?"

"ಅದನ್ನ ಆಡಿದೋರೆಲ್ಲ ಹಾಗೇ ಅಂತಾರೆ. ನೀವು ಆಡಿಲ್ವಲ್ಲ." ಬಟ್ಟೆ ಹೊತ್ಕೊಂಡು ಒಳಗೆ ಹೋದ್ಲು. ಕಪಾಟಿನ ಬಾಗಿಲು ಕಿರ್ ಅಂತು.

ಡಾಕ್ಟ್ರು ಮೂಲೆಗೆ ಎಸೆದಿದ್ದ ನಾಲ್ಕನೇದ್ರ ಡಿಸ್ಕು ಹುಡುಕಿದ್ರು. ಅದು ಮೂಲೇಲಿರಲಿಲ್ಲ, ಟಿವಿ ಪಕ್ಕದ ಆಟದ ಯಂತ್ರದೊಳಗೇ ಇತ್ತು. ಆಟ ಶುರುವಾಗಿದ್ದೇ ಕೆರೆ ಮಧ್ಯ, ದೋಣೀಲಿ. ಯಾರೋ ಅಲ್ಲೇ ನಿಲ್ಲಿಸಿ ಎದ್ದು ಹೋಗಿದ್ರು.

ದಡದಲ್ಲಿ ಯಾರೋ ಮುದುಕ, ಯಾರೋ ಬೆಸ್ತ ಬಂದು ಆ ಮಾತು ಹೇಳಿದ್ರೆ ಸಾಕಿತ್ತು. ಇಬ್ರೂ ಅವನಿಂದ್ಲೇ ಕಲ್ತಿದ್ದು ಅಂತ ಎದ್ದು ಊಟಕ್ಕೆ ಹೋಗಬಹುದಿತ್ತು. ಡಾಕ್ಟ್ರು ಗುಂಡಿ ಒತ್ತದೆ ಕಾದ್ರು. ಮೂರನೇದ್ರಲ್ಲಿ ಇಷ್ಟು ಹೊತ್ತು ಸುಮ್ಮನೆ ಕೂತಿದ್ರೆ ಯಾರಾದ್ರೂ ಬಂದು ಕತ್ತಿ ಬೀಸಿರೋರು. ಇಲ್ಲಿ ನೀರು ಮಾತ್ರ ಅಲ್ಲಾಡ್ತಿತ್ತು.

ಯಾರೂ ಬರಲಿಲ್ಲ. ಕೊನೆಗೆ ದೋಣೀಲಿ ಕೂತಿದ್ದ ಆಟದ ವೀರನಿಗೇ ಬೇಜಾರಾಗಿರಬೇಕು. ಇತ್ತ ತಿರುಗಿ ಉದ್ದಕ್ಕೆ ಆಕಳಿಸಿದ.

ಡಾಕ್ಟ್ರ ಕಣ್ಣು ರೂಢಿಯಂತೆ ಬಾಯೊಳಗೆ ಹೋಯ್ತು. ಹಲ್ಲಿರಲಿಲ್ಲ. ವಸಡಿಲ್ಲ, ನಾಲಿಗೆ ಇಲ್ಲ. ಆಟ ಮಾಡ್ದೋರು ಅಲ್ಲಿಗ್ಯಾರು ಬಗ್ಗಿ ನೋಡ್ತಾರೆ ಅಂತ ಬರೀ ಕಪ್ಪು ಬಳಿದು ಬಿಟ್ಟಿದ್ರು.

ಒಳಗಿಂದ ಹೆಂಡ್ತಿ ಏನೋ ಕೂಗಿದ್ಲು. ಕೇಳಿಸ್ಲಿಲ್ಲ. ಡಾಕ್ಟ್ರು ಟಿವಿಗೆ ಮೂಗು ತಾಗೋವಷ್ಟು ಬಗ್ಗಿದ್ರು.

"ಇನ್ನೂ ಸ್ವಲ್ಪ ತೆರೀರಿ" ಅಂದ್ರು.