ಕ್ಯಾಸೆಟ್ಟಿಗೆ ಊಟ ವಿಚಾರಿಸಿದ್ದು

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಇದ್ದರೆ ನನ್ನ ಸ್ಕೂಟರು ಇನ್ನು ಮುಂದೆ ಸ್ಟಾರ್ಟ್ ಆಗದಿರಲಿ. ಅದು 2007ರ ದೀಪಾವಳಿಯಿಂದಲೇ ಆಗಿಲ್ಲ, ಆ ಮಾತು ಬೇರೆ.

ಅದಕ್ಕೇ 2008ರ ಆ ಶನಿವಾರ ಬೆಳಿಗ್ಗೆ ನಾನೂ ನನ್ನ ತಂಗಿ ಇಂದೂಳ ಮಗಳು ಕೇತಕಿಯೂ ಮರಾಠಿ ಸೀಮೆಯ ಸದಾಶಿವ ಪೇಠದಲ್ಲಿ, ನಮ್ಮ ಹಳೆಯ ವಾಡೆಮನೆಯ ಮೆಟ್ಟಿಲ ಮೇಲೆ ರಿಕ್ಷಾ ಕಾಯುತ್ತ ಕೂತಿದ್ದೆವು. ಕೇತಕಿಗೆ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆ. ಒಂಬತ್ತೂವರೆಗೆ ಬಾಗಿಲು ಹಾಕುತ್ತಾರೆ. ತಪ್ಪಿದರೆ ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವ ತಾರೀಖು ದಾಟಿ, ಒಂದು ವರ್ಷ ಹೋದಂತೆಯೇ.

ಅವಳ ಭಯ ಬೇರೆಯೇ ಇತ್ತು. ಕಂಪ್ಯೂಟರು ಪ್ರಶ್ನೆ ಕೇಳುತ್ತದೆ, ನಲವತ್ತೈದು ಸೆಕೆಂಡಿನಲ್ಲಿ ಮೈಕಿಗೆ ಉತ್ತರ ಹೇಳಿ ಮುಗಿಸಬೇಕು.

“ಕ್ಲಾಸಿನ್ಯಾಗ ಪ್ರ್ಯಾಕ್ಟೀಸ್ ಮಾಡೂಮುಂದ ಗುಡ್ ಮಾರ್ನಿಂಗ್, ಥ್ಯಾಂಕ್ಯೂ, ಸಾರಿ ಅನ್ನೂದ್ರಾಗ ಟೈಮ್ ಮುಗದ ಹೋಗ್ತದ ಮಾಮಾ. ಎಲ್ಲಾರೂ ನಗ್ತಾರ.”

“ಅದು ನಿನ್ನ ತಪ್ಪಲ್ಲವ್ವಾ, ನಮ್ಮ ರಕ್ತದ್ದು,” ಎಂದೆ. “ನಾನೂ ಇಂಥಾ ಪರೀಕ್ಷಾಕ್ಕ ಕೂತಾವ, ತೊಂಬತ್ನಾಕರಾಗ.”

“ಕೂತಿದ್ದಿ, ಏಳಲಿಲ್ಲ,” ಒಳಗಿನಿಂದ ಇಂದೂ ಕೂಗಿದಳು. “ಅಣ್ಣಾ, ಆಕಿ ತಲಿ ತಿನಬ್ಯಾಡ!”

ತಿನ್ನತೊಡಗಿದೆ.

ನಮ್ಮ ಕಾಲಕ್ಕೆ ಕಂಪ್ಯೂಟರಿರಲಿಲ್ಲ. ಒಂದು ಕ್ಯಾಸೆಟ್ಟಿನಲ್ಲಿ ಒಬ್ಬಾಕೆ ಪ್ರಶ್ನೆ ಕೇಳುವಳು, ನಮ್ಮ ಉತ್ತರ ಇನ್ನೊಂದು ಕ್ಯಾಸೆಟ್ಟಿಗೆ ಇಳಿಯುವುದು, ಅದನ್ನು ಅಮೆರಿಕದಲ್ಲಿ ಯಾರೋ ಕೇಳಿ ಮಾರ್ಕು ಹಾಕುವರು. ನನ್ನನ್ನು ಬೆಳೆಸಿದ್ದು ಧಾರವಾಡದ ಅಜ್ಜಿ ಪಾರವ್ವ. ಊಟ ಆಯಿತೇ, ಮನೆಯಲ್ಲಿ ಎಲ್ಲರೂ ಆರಾಮೇ ಎಂದು ವಿಚಾರಿಸದೆ ಕೆಲಸದ ಮಾತೆತ್ತಿದವರಿಗೆ ಆಕೆ ಚಹಾ ಸಹ ಕೊಡುತ್ತಿರಲಿಲ್ಲ.

ನಿಮ್ಮ ಊರಿನ ಬಗ್ಗೆ ಹೇಳಿ ಎಂದಳು ಕ್ಯಾಸೆಟ್ಟಿನಾಕೆ. ನಾನು ನನ್ನ ಇಂಗ್ಲಿಷಿನಲ್ಲಿ ಮೊದಲು ಊಟ ವಿಚಾರಿಸಿದೆ. ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕಲ್ಲ, ಕಾದೆ. ವೇಳೆ ಮುಗಿದು ಪೀಂ ಎಂದಿತು.

ಎರಡನೆಯದು ಚಿತ್ರ. ಸೈಕಲ್ಲಿನಿಂದ ಬಿದ್ದವನ ಕತೆ ಹೇಳಬೇಕು. ಪೆಟ್ಟು ಬಹಳ ಆಯಿತೇ, ದವಾಖಾನೆಗೆ ಯಾರು ಒಯ್ದರು, ಅವನ ಮನೆಯವರಿಗೆ ತಿಳಿಸಿದ್ದಾರೆಯೇ ಎಂದೆಲ್ಲ ಕೇಳಿದೆ. ಪೀಂ.

ಕೊನೆಗೆ, ನಿಮ್ಮ ಅಭಿಪ್ರಾಯವೇನು ಎಂದಳು. ನೀವು ಹಿರಿಯರು, ಮೊದಲು ನೀವೇ ಹೇಳಿ ಎಂದು ತಲೆ ಬಗ್ಗಿಸಿ ಕೂತೆ.

“ಖರೇನ ಕೂತಿದ್ದೇನು?” ಎಂದಳು ಕೇತಕಿ.

“ಪೂರ್ತಿ ಒಂದು ನಿಮಿಷ. ಆಕಿ ಏನೂ ಅನ್ನಲಿಲ್ಲ. ಪಾಪ, ನಾಚಿಕಿ ಸ್ವಭಾವ ಅಂದ್ಕೊಂಡೆ.”

“ಮಾರ್ಕು?”

“ಮಾರ್ಕು ಛಲೋ ಬಂದಿದ್ರ ಈಗ ಚಾಕಣದ ಕಾರ್ಖಾನ್ಯಾಗ ಯಾಕ ನಟ್ಟು ಎಣಸ್ತಿದ್ದೆ? ಆದ್ರ ಮಾರ್ಕಿನ ಹಾಳಿ ಜೋಡಿ ಒಂದು ಪತ್ರ ಬಂತು ನೋಡು. ನನ್ನ ಕ್ಯಾಸೆಟ್ ಕೇಳಿ ಮಾರ್ಕು ಹಾಕಿದಾಕಿ ಬರದಿದ್ಲು. ನಂದು ಊಟ ಆಗೇದ, ಮನ್ಯಾಗ ಎಲ್ಲಾರೂ ಆರಾಮ ಅದಾರ, ಮೂವತ್ತು ವರ್ಷದಾಗ ಹಿಂಗ ಕೇಳಿದಾವ್ರು ನೀವೊಬ್ಬರ ಅಂತ.”

“ಹೋದ ವರ್ಷ ಹೇಳೂಮುಂದ ಈ ಪತ್ರ ಇರಲಿಲ್ಲ!” ಒಳಗಿನಿಂದ ಇಂದೂ.

“ಆವಾಗ ಪೋಸ್ಟಿನ್ಯಾಗಿತ್ತು,” ಎಂದೆ.

ರಿಕ್ಷಾ ಬಂದು ನಿಂತಿತು. ಒಂಬತ್ತು ದಾಟಿ ಐದು ನಿಮಿಷವಾಗಿತ್ತು. ಕೇತಕಿ ಎದ್ದಳು, ಮತ್ತೆ ಕೂತಳು. ಹಿರಿಯರ ಮಾತಿನ ನಡುವೆ ಎದ್ದು ಹೋಗುವುದು ನಮ್ಮಲ್ಲಿಲ್ಲ. ಅದನ್ನೂ ಪಾರವ್ವ ಇಂದೂಗೆ, ಇಂದೂ ಇವಳಿಗೆ ಕಲಿಸಿದ್ದು.

“ಚಲಾ ತಾಈ, ಚಲಾ!” ರಿಕ್ಷಾದವನು ಮರಾಠಿಯಲ್ಲಿ ಅವಸರಿಸಿ ಹಾರ್ನ್ ಹೊಡೆದ.

“ಇರು, ಮುಖ್ಯ ಮಾತು ಇನ್ನ ಮುಂದ ಅದ,” ಎಂದೆ. “ಪತ್ರದ ಕೆಳಗ ಆಕಿ ಬರದಿದ್ಲು, ಮುಂದ ನಿಮ್ಮ ಮನ್ಯಾಗಿನವರು ಯಾರರ ಈ ಪರೀಕ್ಷಾಕ್ಕ ಕೂತ್ರ, ಅವರು ಎಲ್ಲಾಕಿಂತ ಮೊದಲ—”

ಕೇತಕಿ ರಿಕ್ಷಾ ಹತ್ತಿ ಹೊರಟೇಬಿಟ್ಟಳು. ಬರ್ತೀನಿ ಎಂದು ಸಹ ಅನ್ನಲಿಲ್ಲ; ಇನ್ನು ನಲವತ್ತೈದು ಸೆಕೆಂಡು ಅವಳಿಗೆ ಸಾಕು ಎಂದುಕೊಂಡೆ.