ಯಾರೂ ನಗದ ಧಾರಾವಾಹಿ

ವರ್ಷಾ ನಕ್ಕಳು. ಕೋಣೆಯಲ್ಲಿ ಬೇರೆ ಯಾರೂ ನಗಲಿಲ್ಲ. ಟೀವಿಯಲ್ಲಿ ಮುದುಕನೊಬ್ಬ ಹೆಂಡತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಯ ಬೆಂಚಿನಲ್ಲಿ ಕೂತು ಏನೋ ಗೊಣಗಿದ್ದ. ಅವನ ಸೊಟ್ಟ ಮೂತಿ ನೋಡಿ ಇದು ನಗುವ ಜಾಗವಿರಬೇಕೆಂದು ಅವಳು ಅಂದಾಜು ಮಾಡಿದ್ದಳು.

ಮಾವ ಶಿವಾನಂದ ರಿಮೋಟ್ ಒತ್ತಿ ಧಾರಾವಾಹಿ ನಿಲ್ಲಿಸಿದರು.

ಮದುವೆಯಾಗಿ ತಾರ್ನಾಕ ಬಡಾವಣೆಯ ಈ ಮನೆಗೆ ಬಂದಾಗಿನಿಂದ, ಭಾನುವಾರ ಊಟವಾದ ಮೇಲೆ ಬ್ರಿಟಿಷರ ಹಾಸ್ಯ ನೋಡುವುದು ಅವಳಿಗೂ ಕಡ್ಡಾಯವಾಗಿತ್ತು. ಹಿಂದೆ ಕಾರ್ಖಾನೆಯವರು ತರಬೇತಿಗೆಂದು ಇಂಗ್ಲೆಂಡಿಗೆ ಕಳಿಸಿದ್ದಾಗ ಶಿವಾನಂದರಿಗೆ ಹತ್ತಿದ ಹುಚ್ಚು ಅದು. ಲಿಂಗಸುಗೂರಿನ ಕನ್ನಡ ಶಾಲೆಯಲ್ಲಿ ಕಲಿತ ವರ್ಷಾಳಿಗೆ ಆಫೀಸಿನ ಇಂಗ್ಲಿಷ್ ಬರುತ್ತಿತ್ತು. ಆದರೆ ಆ ಜನರ ಓಣಿಮಾತು, ಮಾತಿನೊಳಗಿನ ಕೊಂಕು ಒಂದೂ ತಲೆಗೆ ಹತ್ತುತ್ತಿರಲಿಲ್ಲ. ಹಳೆಯ ಧಾರಾವಾಹಿಗಳಲ್ಲಿ ಪ್ರೇಕ್ಷಕರು ನಗುವ ಸದ್ದು ಕೇಳಿಸುತ್ತದಲ್ಲ, ಅದರ ಬೆನ್ನಿಗೇ ಅವಳೂ ನಕ್ಕುಬಿಡುತ್ತಿದ್ದಳು. ಮಾವ ಹಿಗ್ಗಿ ಹೀರೇಕಾಯಿಯಾಗಿ, "ನಮ್ಮ ವಿನಾಯಕಗ ತಿಳಿಯಂಗಿಲ್ಲ, ಸೊಸಿಗೆ ಎಲ್ಲಾ ತಿಳಿತೈತಿ" ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಗಂಡ ವಿನಾಯಕನಿಗೇ ಸಿಗದ ಆ ಗೌರವವನ್ನು ಕಳೆದುಕೊಳ್ಳಲು ಯಾವ ಸೊಸೆಗೆ ಮನಸ್ಸಾದೀತು? ಇವತ್ತಿನ ಹೊಸ ಧಾರಾವಾಹಿಯಲ್ಲಿ ಮಾತ್ರ ನಗಲು ಪ್ರೇಕ್ಷಕರೇ ಇರಲಿಲ್ಲ.

"ನನ್ನ ಕಿವಿಗೆ ಬೀಳಲಿಲ್ಲ ನೋಡು" ಎಂದರು ಶಿವಾನಂದ, ಕಣ್ಣರಳಿಸಿ. "ಏನಂದ ಅಂವಾ? ಸ್ವಲ್ಪ ಬಿಡಿಸಿ ಹೇಳವಾ."

ಬೈದಿದ್ದರೆ ಸಹಿಸಬಹುದಿತ್ತು. ಮಾವ ಕಲಿಯುವ ಆಸೆಯಿಂದ ಮುಂದಕ್ಕೆ ಬಾಗಿ ಕೂತಿದ್ದರು. ಏನಾದರೂ ಹೇಳಿ ತಿಪ್ಪೆ ಸಾರಿಸಲು ವರ್ಷಾ ಬಾಯಿ ತೆರೆದಳು, ಆದರೆ ಆ ಮುಖಕ್ಕೆ ಸುಳ್ಳು ಹೇಳಲಾಗಲಿಲ್ಲ.

"ಮಾವಾರ, ನನಗ ಏನೂ ತಿಳಿಯಂಗಿಲ್ರಿ. ಟೀವ್ಯಾಗ ಮಂದಿ ನಕ್ಕಾಗ ನಾನೂ ನಗ್ತಿದ್ದೆ. ಇದರಾಗ ಯಾರೂ ನಗವಲ್ಲರು."

"ಮೊದಲಿಂದನೂ?"

"ಹೂಂನ್ರಿ."

ಶಿವಾನಂದರ ಮುಖ ಸಪ್ಪಗಾಯಿತು. ಮೂಲೆಯಲ್ಲಿ ಪುಂಡಿಪಲ್ಯದ ಎಲೆ ಬಿಡಿಸುತ್ತಿದ್ದ ಅತ್ತೆ ಸಾವಿತ್ರಿ ತಲೆ ಎತ್ತದೆ ಹೇಳಿದರು: "ಅಕಿಗೆ ಏನೂ ಅನಬ್ಯಾಡ್ರಿ. ನಂದೂ ಅದ ಹಣೇಬಾರ. ನಾ ನಿಮ್ಮ ಹೊಟ್ಟಿ ನೋಡ್ತೀನಿ. ಅದು ಕುಣಿದ್ರ ನಗ್ತೀನಿ."

ವರ್ಷಾಳಿಗೆ ಈಗ ನಿಜಕ್ಕೂ ನಗು ಬಂತು. ತುಟಿ ಕಚ್ಚಿಕೊಂಡಳು.

"ನೀನೂನಾ?" ಶಿವಾನಂದ ಹೆಂಡತಿಯತ್ತ ತಿರುಗಿದರು. "ಮತ್ತ ಇಷ್ಟು ವರ್ಷ ಯಾಕ ನಕ್ಕಿ?"

"ಇಂಗ್ಲೆಂಡಿಂದ ಬಂದ ಮ್ಯಾಲೆ ಒಬ್ಬರ ಕುಂತು ನಗ್ತಿದ್ರಿ" ಎಂದರು ಸಾವಿತ್ರಿ. "ಅದನ್ನ ನೋಡಾಕ ಆಗ್ತಿರಲಿಲ್ಲ."

ಶಿವಾನಂದ ಎದ್ದು ತಮ್ಮ ಕುರ್ಚಿಯನ್ನು ಎಳೆದುಕೊಂಡು ಬಂದು ಇಬ್ಬರ ನಡುವೆ ಹಾಕಿದರು. ಧಾರಾವಾಹಿಯನ್ನು ಶುರುವಿನಿಂದ ಹಚ್ಚಿ, ಮಾತು ಮಾತಿಗೂ ನಿಲ್ಲಿಸಿ ಕನ್ನಡದಲ್ಲಿ ಹೇಳತೊಡಗಿದರು. "ಅಲ್ಲೆ ಗೆಳೆಯಗ ಬೈದ್ರ ಪ್ರೀತಿ ಅಂತ ತಿಳೀಬೇಕು. ಭಾಳ ಛಲೋ ಇದ್ರ ಅಡ್ಡಿಯಿಲ್ಲ ಅಂತಾರ, ಅಷ್ಟ. ಹೆಂಡತಿ ಒಳಗ ಅದಾಳ, ಈ ಮುದುಕಗ ಹೆದರಿಕಿ ಆಗೇತಿ, ಅದನ್ನ ಹೇಳಾಕ ಬರವಲ್ದು. ಅದಕ್ಕ ಆಸ್ಪತ್ರಿ ಚಹಾ ಛಲೋ ಇಲ್ಲಂತ ಹೆಸರಿಡಾಕತ್ತಾನ."

ಹೇಳಿ ಮುಗಿಸಿ ಹೆಂಡತಿಯ ಮುಖವನ್ನೇ ನೋಡುತ್ತ ಕಾದರು. ಸಾವಿತ್ರಿ ಕೈಯಲ್ಲಿನ ಎಲೆಯನ್ನು ಕೆಳಗಿಟ್ಟು ಯೋಚಿಸಿದರು. ನಗಲಿಲ್ಲ.

"ಇದರಾಗ ನಗೋದೇನೈತ್ರಿ?"

ಶಿವಾನಂದ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿಕೊಂಡು ಮತ್ತೆ ಮೊದಲಿನಿಂದ ಹೇಳಲು ಶುರುಮಾಡಿದರು.